ಆಸ್ಪತ್ರೆ ಕೌಂಟರಿನಲ್ಲಿ ಕೊಡುವ ಆ ಒಂದು ಪೇಪರ್‌ಗೆ ಸೈನ್ ಹಾಕಬೇಡಿ

ಬಿಪಿಎಲ್ ಕಾರ್ಡ್ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಮರ್ಜೆನ್ಸಿ ಅಂತ ಖಾಸಗಿ ಆಸ್ಪತ್ರೆಗೆ ಓಡಿದಾಗ ನಾಲ್ಕೈದು ಫಾರ್ಮ್ ಒಟ್ಟಿಗೆ ಪಿನ್ ಮಾಡಿ ಕೊಡ್ತಾರಲ್ಲ, ಅದರ ನಡುವೆ ಒಂದು ಪೇಪರ್ ಇರುತ್ತದೆ. ‘ನಮಗೆ ಸರ್ಕಾರಿ ಯೋಜನೆ ಬೇಡ, ಸ್ವಂತ ಇಚ್ಛೆಯಿಂದ ದುಡ್ಡು ಕಟ್ಟುತ್ತೇವೆ’ ಅಂತ. ಇಂಗ್ಲಿಷ್‌ನಲ್ಲಿ. ಅದಕ್ಕೆ ಸೈನ್ ಹಾಕಬೇಡಿ. ನಮ್ಮ ಮನೆಯವರಿಂದ ಹಾಕಿಸಿಕೊಂಡರು, ಎರಡು ಲಕ್ಷದ ಮೇಲೆ ಹೋಯಿತು.

ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವವರೆಗೆ ಹೆಸರು ಬೇಡ ಅಂತ ಪರಿಚಯದ ವಕೀಲರು ಹೇಳಿದ್ದಾರೆ. ಮಂಗಳೂರಿನದ್ದು ಅಂತ ಮಾತ್ರ ಹೇಳ್ತೇನೆ.

ನನ್ನ ಸೋದರಮಾವ ಪಡುಬಿದ್ರಿಯವರು. ಮಳೆಗಾಲದಲ್ಲಿ ಒಂದು ರಾತ್ರಿ ಊಟ ಮಾಡಿ ಎದ್ದವರಿಗೆ ಎದೆನೋವು. ಅಲ್ಲೇ ಹತ್ತಿರದ ಕ್ಲಿನಿಕ್‌ನಲ್ಲಿ ಇಸಿಜಿ ತೆಗೆದು, ಇದು ಹಾರ್ಟ್ ಅಟ್ಯಾಕ್, ಒಂದು ನಿಮಿಷ ತಡ ಮಾಡಬೇಡಿ, ಮಂಗಳೂರಿಗೆ ಹೋಗಿ ಅಂದರು. ಅತ್ತೆ ಬೀಡಿ ಕಟ್ಟುವವರು. ಅಂಥ ಗಡಿಬಿಡಿಯಲ್ಲೂ ರೇಷನ್ ಕಾರ್ಡ್, ಆಧಾರ್ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಆಂಬುಲೆನ್ಸ್ ಹತ್ತಿದ್ದಾರೆ. ನಾನು ಸುರತ್ಕಲ್‌ನಿಂದ ಬೈಕ್‌ನಲ್ಲಿ ಹೋಗಿ ಸೇರಿಕೊಂಡೆ.

ಕೌಂಟರಿನಲ್ಲಿದ್ದ ಹುಡುಗಿ ತುಳುವಿನಲ್ಲಿ ಎಷ್ಟು ಚಂದ ಮಾತಾಡಿದಳು ಅಂದರೆ, ಹೆದರಬೇಡಿ ಅಮ್ಮ, ಡಾಕ್ಟರ್ ಬರ್ತಾ ಇದ್ದಾರೆ ಅಂತ ಅತ್ತೆಯ ಕೈ ಹಿಡಿದು ಹೇಳಿದಳು. ಕಾರ್ಡ್ ಉಂಟು ಅಂತ ಅತ್ತೆ ಚೀಲ ಬಿಚ್ಚಿದರು. ಅವಳು ಕಾರ್ಡ್ ಕೈಗೂ ತೆಗೆದುಕೊಳ್ಳಲಿಲ್ಲ. “ರೆಫರಲ್ ಲೆಟರ್ ಉಂಟಾ? ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಬರಬೇಕು. ಇಲ್ಲದಿದ್ದರೆ ಕಾರ್ಡ್ ನಡೆಯುವುದಿಲ್ಲ. ಈಗ ಐವತ್ತು ಸಾವಿರ ಅಡ್ವಾನ್ಸ್ ಕಟ್ಟಿ, ಕ್ಯಾಥ್ ಲ್ಯಾಬ್ ರೆಡಿ ಮಾಡಿಸ್ತೇವೆ.”

ಒಳಗೆ ಮಾವ ಬೆವರಿ ಒದ್ದೆಯಾಗಿ ಮಲಗಿದ್ದಾರೆ, ಆಗ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಓಡಿ ಚೀಟಿ ಬರೆಸಿಕೊಂಡು ಬನ್ನಿ ಅಂದರೆ ಯಾರು ಹೋಗ್ತಾರೆ ಹೇಳಿ. ಅದು ಅವರಿಗೂ ಗೊತ್ತುಂಟು. ನಾನು ಎಟಿಎಂ ಹುಡುಕಿಕೊಂಡು ಹೊರಗೆ ಹೋದೆ. ಮಿತಿ ಮುಗಿದು ಇನ್ನೊಬ್ಬರ ಕಾರ್ಡ್ ತರಿಸಿ, ಉಳಿದದ್ದು ಜಿಪೇ ಮಾಡಿಸಿ ವಾಪಸ್ ಬರುವಷ್ಟರಲ್ಲಿ ಅತ್ತೆಯಿಂದ ಎಲ್ಲ ಫಾರ್ಮ್‌ಗೂ ಸೈನ್ ಹಾಕಿಸಿಕೊಂಡು ಆಗಿತ್ತು. ಆಪರೇಷನ್ ಒಪ್ಪಿಗೆ ಪತ್ರ ಅಂತ ಹೇಳಿದ್ದಂತೆ.

ಸ್ಟೆಂಟ್ ಹಾಕಿದರು. ಮಾವ ಬದುಕಿದರು. ಡಾಕ್ಟರ ಬಗ್ಗೆ ನನಗೆ ಒಂದು ಮಾತೂ ಇಲ್ಲ, ಕೈಮುಗೀತೇನೆ. ನನ್ನ ಸಿಟ್ಟು ಪೂರ್ತಿ ಕೌಂಟರಿನ ಮೇಲೆ.

ಐಸಿಯುನಿಂದ ಹೊರಗೆ ತಂದ ಮೇಲೆ ಜನರಲ್ ವಾರ್ಡ್ ಫುಲ್ ಅಂತ ಸೆಮಿ ಸ್ಪೆಷಲ್‌ಗೆ ಹಾಕಿದರು. ನಾವು ಕೇಳಿದ್ದಲ್ಲ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಡಿಸ್ಚಾರ್ಜ್ ದಿನ ಬಿಲ್ ಬಂತು. ಸ್ಟೆಂಟ್‌ನ ರೇಟ್ ಸರಿಯಾಗಿಯೇ ಇತ್ತು, ಯಾಕೆಂದರೆ 2017ರ ಫೆಬ್ರವರಿಯಲ್ಲೇ ಕೇಂದ್ರದ ಬೆಲೆ ಪ್ರಾಧಿಕಾರ ಸ್ಟೆಂಟ್‌ಗೆ ಗರಿಷ್ಠ ಬೆಲೆ ಕಟ್ಟಿಬಿಟ್ಟಿದೆ, ಅಲ್ಲಿ ಆಟ ಆಡುವುದಕ್ಕೆ ಆಗುವುದಿಲ್ಲ. ಅಲ್ಲಿ ಆಗದ್ದನ್ನು ‘ಕನ್ಸ್ಯೂಮೆಬಲ್ಸ್’, ಅಂದರೆ ಬಳಸಿ ಬಿಸಾಡುವ ಸಾಮಾನು, ಅಂತ ಒಂದೇ ಸಾಲಿನಲ್ಲಿ ಹಾಕಿದ್ದರು. ಬಿಡಿಸಿ ಕೊಡಿ ಅಂದರೆ “ಸಿಸ್ಟಮ್‌ನಲ್ಲಿ ಹಾಗೇ ಬರುವುದು ಸರ್” ಅಂದರು.

ಬಿಲ್ಲಿಂಗ್‌ನಲ್ಲಿ ಕ್ಯೂ ಇತ್ತು ಅಂತ ಪಕ್ಕದ ಕುರ್ಚಿಯಲ್ಲಿ ಕೂತೆ. ಎದುರಿಗೆ ನೀರಿನ ಫಿಲ್ಟರ್, ಅದರ ಹಿಂದಿನ ಗೋಡೆಯಲ್ಲಿ ಒಂದು ಬೋರ್ಡ್. ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ‘ರೋಗಿಗಳ ಹಕ್ಕುಗಳ ಸನ್ನದು’. ಎದ್ದು ಹೋಗಿ, ಫಿಲ್ಟರ್‌ನ ಪಕ್ಕದಿಂದ ಬಗ್ಗಿ ಓದಿದೆ. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯ ಮಾಡುವ ಹಾಗಿಲ್ಲ ಅಂತ ಅಚ್ಚ ಕನ್ನಡದಲ್ಲಿ ಬರೆದಿದೆ ಮಾರಾಯ್ರೆ! ಅಡ್ವಾನ್ಸ್ ಕಟ್ಟಿಸಿಕೊಂಡ ಕೌಂಟರ್ ಅಲ್ಲಿಂದ ನಾಲ್ಕು ಹೆಜ್ಜೆ. ನನಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆಯೂ ಆಯಿತು. ಊರಿನಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ ನನ್ನ ಹತ್ತಿರ ಬರ್ತಾರೆ, ನನ್ನ ಎದುರಿಗೇ ಇಷ್ಟು ಮಾಡಿದ್ದಾರೆ.

ಅಲ್ಲೇ ಕೂತು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದೆ. ಆಗ ಗೊತ್ತಾಯಿತು. ಕಾರ್ಡ್ ನಡೆಯುವ ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ತುರ್ತು ಚಿಕಿತ್ಸೆಗೆ ಬೇರೆ ಪಟ್ಟಿ ಉಂಟು, ‘4ಎ’ ಅಂತಾರೆ. ಅದಕ್ಕೆ ರೆಫರಲ್ ಬೇಡವೇ ಬೇಡ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕಟ್ಟುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ಮಾಡಿಸಿಕೊಡುವುದಕ್ಕೆ ‘ಆರೋಗ್ಯ ಮಿತ್ರ’ ಅಂತ ಒಬ್ಬರು ಇರಬೇಕು. ಇಲ್ಲೂ ಇದ್ದರು. ಒಳಗಿನ ಕಾರಿಡಾರ್‌ನ ಕೊನೆಗೆ, ಫಾರ್ಮಸಿ ದಾಟಿ, ಒಂದು ಸಣ್ಣ ಮೇಜು. ನಮಗೆ ಯಾರೂ ಹೇಳಲಿಲ್ಲ ಅಷ್ಟೇ.

ವಾಪಸ್ ಕೌಂಟರಿಗೆ ಹೋಗಿ ಕೇಳಿದೆ. ಅದೇ ಹುಡುಗಿ. ಈಗ ತುಳು ಇಲ್ಲ, ಕನ್ನಡ, ಅದೂ ‘ಸರ್ ಸರ್’ ಅಂತ.

“ಸರ್, ನೀವೇ ಸ್ಕೀಮ್ ಬೇಡ ಅಂತ ಬರೆದುಕೊಟ್ಟಿದ್ದೀರಿ.”

ಯಾರು ಬರೆದುಕೊಟ್ಟದ್ದು ಅಂದೆ. ಫೈಲ್‌ನಿಂದ ಆ ಫಾರ್ಮ್ ಎತ್ತಿ ತೋರಿಸಿದಳು. ಕೆಳಗೆ ಅತ್ತೆಯ ಸೈನ್, ಕನ್ನಡದಲ್ಲಿ, ಅಕ್ಷರ ಒಂದೊಂದೇ ಬಿಡಿಸಿ. ಅದರ ಮೇಲಿನ ಸಾಲು ಏನು ಗೊತ್ತುಂಟಾ? ‘ಇದೆಲ್ಲವನ್ನೂ ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ್ದಾರೆ’ ಅಂತ. ಅದು ಇಂಗ್ಲಿಷ್‌ನಲ್ಲಿ!

“ರೆಫರಲ್ ಬೇಕು ಅಂತ ಸುಳ್ಳು ಹೇಳಿದ್ದು ಯಾಕೆ?”

“ಆಗ ನಾನು ಡ್ಯೂಟಿಯಲ್ಲಿ ಇರಲಿಲ್ಲ ಸರ್.”

ಇದ್ದಳು. ಅತ್ತೆಯ ಕೈ ಹಿಡಿದದ್ದು ಇವಳೇ. ಇದ್ದಳು!

ಮ್ಯಾನೇಜರ್ ಅಂತ ಒಬ್ಬರು ಬಂದರು. “ನೋಡಿ, ಸ್ಕೀಮ್ ಅಂದರೆ ಜನರಲ್ ವಾರ್ಡ್. ನೀವು ಸೆಮಿ ಸ್ಪೆಷಲ್ ತಗೊಂಡಿದ್ದೀರಿ, ಹಾಗಾಗಿ ಕೊಡಲಿಕ್ಕೆ ಬರುವುದಿಲ್ಲ.” ಜನರಲ್ ವಾರ್ಡ್ ಫುಲ್ ಅಂತ ನೀವೇ ಹಾಕಿದ್ದಲ್ವಾ ಅಂದರೆ, “ಬೇಡ ಅಂತ ನೀವು ಹೇಳಬಹುದಿತ್ತಲ್ಲ.” ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಬೇಡ ಅಂತ ಹೇಳಿ ಎಲ್ಲಿ ಮಲಗಬೇಕಿತ್ತು, ಮೆಟ್ಟಿಲ ಮೇಲಾ? ಕೊನೆಗೆ ಅವರ ಬಾಯಿಂದ ಬಂದ ಮಾತು: “ಪೇಶಂಟ್ ಉಳಿದರಲ್ಲ, ಅದಕ್ಕೆ ಸಂತೋಷಪಡಿ.”

ಅತ್ತೆ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ಬಿಲ್ ಕಟ್ಟಿದರು. ಇದು ಕ್ಯಾಶ್‌ಲೆಸ್ ಯೋಜನೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ರಸೀದಿ ಹಿಡಿದುಕೊಂಡು ಹೋದರೆ ಸರ್ಕಾರ ವಾಪಸ್ ಕೊಡುವ ಥರದ್ದಲ್ಲ. ಅದಕ್ಕೇ ಆ ಪೇಪರ್ ಅವರಿಗೆ ಅಷ್ಟು ಮುಖ್ಯ.

ಕಾನೂನು ಇಲ್ಲದೆ ಏನಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೆಪಿಎಂಇ ಅಂತಾರಲ್ಲ, 2007ರದ್ದು. 2017ರಲ್ಲಿ ತಿದ್ದುಪಡಿ ಮಾಡಿದರು. ಆಗ ರಮೇಶ್ ಕುಮಾರ್ ಆರೋಗ್ಯ ಸಚಿವರು, ಬೆಳಗಾವಿ ಅಧಿವೇಶನ, ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಯವರು ಒಪಿಡಿ ಬಂದ್ ಮಾಡಿ ಮುಷ್ಕರಕ್ಕೆ ಕೂತದ್ದು ನೆನಪಿರಬಹುದು. ಮಸೂದೆ ಸ್ವಲ್ಪ ತೆಳು ಮಾಡಿಯೇ ಪಾಸ್ ಮಾಡಿದರು. ಆದರೂ ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್‌ಗೆ ಒತ್ತಾಯ ಇಲ್ಲ, ಬಿಲ್ ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ದರಪಟ್ಟಿ ಹಾಕಬೇಕು, ಇದೆಲ್ಲ ಅದರಲ್ಲಿ ಉಳಿದಿದೆ. ದೂರು ಕೇಳುವುದಕ್ಕೆ ಜಿಲ್ಲೆಗೊಂದು ಪ್ರಾಧಿಕಾರವೂ ಉಂಟು, ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ಕಾಗದದಲ್ಲಿ ಎಲ್ಲ ಉಂಟು. ಫಿಲ್ಟರ್ ಹಿಂದೆ.

ನಾವು ಉಡುಪಿ ಜಿಲ್ಲೆಯವರಲ್ವಾ ಅಂತ ಮೊದಲು ದೂರು ಹಿಡಿದುಕೊಂಡು ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಡಿಸಿ ಆಫೀಸಿಗೆ ಹೋದೆವು. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಅಲ್ಲೇ ಕೊಡಬೇಕು ಅಂತ ಕಳಿಸಿದರು. ಹಾಗಾಗಿ ಮಂಗಳೂರು ಪಡೀಲಿನ ಡಿಸಿ ಆಫೀಸು. ನಿಮಗೆ ಆ ಓಡಾಟ ತಪ್ಪಲಿ.

ಮತ್ತೆ ಹೇಳ್ತೇನೆ. ಕೌಂಟರಿನವರ ಹತ್ತಿರ ಕಾರ್ಡ್ ಬಗ್ಗೆ ಮಾತೇ ಬೇಡ, ಒಬ್ಬರು ಸೀದಾ ಆರೋಗ್ಯ ಮಿತ್ರರನ್ನು ಹುಡುಕಿಕೊಂಡು ಹೋಗಿ, ಸಿಗದಿದ್ದರೆ ಅಲ್ಲಿಂದಲೇ 104. ಸೈನ್ ಹಾಕುವ ಮೊದಲು ಪ್ರತಿ ಪೇಪರ್‌ನ ಫೋಟೋ ತೆಗೆಯಿರಿ, ತೆಗೆಯಬೇಡಿ ಅಂದರೆ ಅದೇ ಪೇಪರ್ ಅಂತ ತಿಳಿದುಕೊಳ್ಳಿ. ಚಂದ ಮಾತಾಡಿದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ದೂರು ಹೋದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡಬಹುದು, ದೂರು ವಾಪಸ್ ತಗೊಳ್ಳಿ ಅಂತ. ಬೇಡ, ಫೈಲ್‌ನ ಪೂರ್ತಿ ಪ್ರತಿ ಕೊಡಿ ಅಂದೆ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ ಉಂಟು. ತುಂಬ ಸತಾಯಿಸಿ ಕೊಟ್ಟರು. ಇಸಿಜಿ ಉಂಟು, ಆಪರೇಷನ್ ಒಪ್ಪಿಗೆ ಪತ್ರ ಉಂಟು, ಔಷಧಿ ಚೀಟಿ ಎಲ್ಲ ಉಂಟು. ಅತ್ತೆ ಸೈನ್ ಹಾಕಿದ ಆ ಪೇಪರ್ ಮಾತ್ರ ಇಲ್ಲ. ಕೇಳಿದರೆ “ಅಂಥ ಫಾರ್ಮ್ ನಮ್ಮಲ್ಲಿ ಇಲ್ಲವೇ ಇಲ್ಲ ಸರ್” ಅಂತಿದ್ದಾರೆ. ಬೇರೆ ಯಾರಿಂದಲಾದರೂ ಅದಕ್ಕೆ ಸೈನ್ ಹಾಕಿಸಿಕೊಂಡಿದ್ದು, ಫೋಟೋ ಇದ್ದರೆ ನನಗೆ ಕಳಿಸಿ. ವಿಚಾರಣೆಗೆ ಬೇಕು.