ನಾಲ್ಕು ವರ್ಷ ಅವಿತು ಕುಳಿತವನ ವಿಮರ್ಶೆ: ಗ್ಯಾರೀಸ್ ಮಾಡ್‌ನ ‘ಪ್ರಾಪ್ ಹಂಟ್’

ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನನಗೆ ವಿಡಿಯೋ ಗೇಮಿನ ಗೀಳು ಹತ್ತಿದ್ದು ನಲವತ್ತು ದಾಟಿದ ಮೇಲೆ. ಮಂಡ್ಯದಲ್ಲಿರುವ ಅಕ್ಕನ ಮಗ ಬೇಸಿಗೆ ರಜೆಗೆ ಬಂದವನು, ಅಂಗಡಿಯ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ಲ್ಯಾಪ್‌ಟಾಪಿನಲ್ಲಿ ‘ಗ್ಯಾರೀಸ್ ಮಾಡ್’ ಹಾಕಿಕೊಟ್ಟು ಹೋದ. ಅಂದಿನಿಂದ ನಾಲ್ಕು ವರ್ಷಕ್ಕೂ ಮೇಲಾಯಿತು. ಭಾನುವಾರ ರಾತ್ರಿ ಊಟವಾದ ಮೇಲೆ ಮೈಸೂರು, ಮಂಡ್ಯ, ಬೆಂಗಳೂರುಗಳಲ್ಲಿ ಹಂಚಿಹೋಗಿರುವ ನಾವು ಆರು ಮಂದಿ ಇದರಲ್ಲಿ ಕಣ್ಣಾಮುಚ್ಚಾಲೆ ಆಡುತ್ತೇವೆ. ಕೊಂಡ ವಾರದಲ್ಲಿ ಬರೆಯುವ ವಿಮರ್ಶೆಗೂ ಇಷ್ಟು ದಿನ ಆಡಿದ ಮೇಲೆ ಬರೆಯುವ ವಿಮರ್ಶೆಗೂ ವ್ಯತ್ಯಾಸವಿರುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರಕಿನ ಪರಿಚಯ. ‘ಹಾಫ್ ಲೈಫ್ 2’ ಆಟಕ್ಕೆ ಗ್ಯಾರಿ ನ್ಯೂಮನ್ ಎಂಬವರು ಉಚಿತವಾಗಿ ಮಾಡಿಕೊಟ್ಟ ಮಾರ್ಪಾಟಾಗಿ 2004ರಲ್ಲಿ ಹುಟ್ಟಿದ ಗ್ಯಾರೀಸ್ ಮಾಡ್, 2006ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸ್ವತಂತ್ರ ಆಟವಾಗಿ ಮಾರಾಟಕ್ಕೆ ಬಂತು. ಫೇಸ್‌ಪಂಚ್ ಸ್ಟುಡಿಯೋಸ್ ಇದನ್ನು ನೋಡಿಕೊಳ್ಳುತ್ತದೆ, ವಾಲ್ವ್ ಪ್ರಕಟಿಸುತ್ತದೆ. ಪ್ರಾಪ್ ಹಂಟ್ ಎಂಬುದು ಇದರೊಳಗೆ ಆಟಗಾರರೇ ಕಟ್ಟಿಕೊಂಡ ಒಂದು ಆಟದ ಪ್ರಕಾರ. ಅದನ್ನು, ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ಸ್ಟೀಮಿನ ವರ್ಕ್‌ಶಾಪಿನಿಂದ ಬಿಟ್ಟಿಯಾಗಿಯೇ ಇಳಿಸಿಕೊಳ್ಳಬಹುದು. ನಾನು ರಿಯಾಯಿತಿಯ ಸಮಯದಲ್ಲಿ ಒಮ್ಮೆ ದುಡ್ಡು ಕೊಟ್ಟೆ, ಆಮೇಲೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ವ್ಯಾಪಾರಿಯಾಗಿ ಹೇಳುವುದಾದರೆ ಇಷ್ಟು ಬಾಳಿಕೆ ಬಂದ ಮಾಲು ನನ್ನ ಅಂಗಡಿಯಲ್ಲಿಯೂ ಕಡಿಮೆ.

ಆಟದ ನಿಯಮ ಸರಳ. ಒಂದು ಗುಂಪಿನವರು ಕುರ್ಚಿ, ಡಬ್ಬ, ಬಾಟಲಿ, ಕಲ್ಲಂಗಡಿ ಹೀಗೆ ಸುತ್ತಲಿರುವ ಯಾವುದಾದರೂ ವಸ್ತುವಿನ ರೂಪ ತಾಳಿ ಕೂರಬೇಕು. ಅಷ್ಟು ಹೊತ್ತು, ಸಾಮಾನ್ಯವಾಗಿ 30 ಸೆಕೆಂಡು, ಇನ್ನೊಂದು ಗುಂಪಿನ ಬೇಟೆಗಾರರ ಪರದೆ ಕಪ್ಪಾಗಿರುತ್ತದೆ. ಆ ಬಳಿಕ ಅವರು ಬಂದೂಕು ಹಿಡಿದು ಹುಡುಕುತ್ತಾರೆ. ಎಲ್ಲದಕ್ಕೂ ಗುಂಡು ಹಾರಿಸಿ ನೋಡೋಣ ಎಂದರೆ ಆಗದು, ಏಕೆಂದರೆ ನಿಜವಾದ ವಸ್ತುವಿಗೆ ಹೊಡೆದ ಪ್ರತಿ ಗುಂಡಿಗೂ ಬೇಟೆಗಾರನದೇ ಆರೋಗ್ಯ, ಅಂದರೆ ಆಟದಲ್ಲಿ ಅವನ ಜೀವದ ಅಳತೆ, ಕುಸಿಯುತ್ತದೆ. ಆಟದ ಸ್ವಾರಸ್ಯವೆಲ್ಲ ಈ ಒಂದು ದಂಡದಲ್ಲಿದೆ: ಗುಂಡು ಹಾರಿಸುವ ಮುನ್ನ ಬೇಟೆಗಾರನಿಗೆ ಅನುಮಾನ ಬರಲೇಬೇಕು, ಆ ಅನುಮಾನ ಬಾರದಂತೆ ನೋಡಿಕೊಳ್ಳುವುದೇ ಅವಿತವನ ಕೆಲಸ.

ಮೊದಲ ಆರು ತಿಂಗಳು ನಾನು ಆ ಕೆಲಸವನ್ನು ತಪ್ಪಾಗಿಯೇ ಅರ್ಥ ಮಾಡಿಕೊಂಡಿದ್ದೆ. ಚಿಕ್ಕಂದಿನಲ್ಲಿ ಅಜ್ಜಿಯ ಊರಿನ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯ ರಾಶಿಯೊಳಗೆ ತೂರಿಕೊಂಡು ಕಲಿತ ವಿದ್ಯೆ ತಲೆಯಲ್ಲಿ ಕೂತಿತ್ತು. ಅವಿತುಕೊಳ್ಳುವುದೆಂದರೆ ಕಣ್ಣಿಗೆ ಬೀಳದ ಕಡೆ ಹೋಗುವುದು ಎಂದೇ ನಂಬಿದ್ದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಬೀರುವಿನ ಹಿಂದೆ, ಮೆಟ್ಟಿಲಿನ ಕೆಳಗೆ, ಕೋಣೆಯ ಕತ್ತಲೆ ಮೂಲೆಗೆ ಓಡುತ್ತಿದ್ದೆ, ಒಂದು ನಿಮಿಷದೊಳಗೆ ಸಾಯುತ್ತಿದ್ದೆ. ಕೊನೆಗೊಮ್ಮೆ ಅಕ್ಕನ ಮಗನಿಗೇ ಬೇಸರವಾಗಿ, “ಮಾವ, ನೀವು ಯಾವಾಗ್ಲೂ ಮೂಲೆಗೇ ಯಾಕ್ ಓಡ್ತೀರಿ? ಹುಡ್ಕೋರು ಮೊದ್ಲು ಬರೋದೇ ಅಲ್ಲಿಗೆ,” ಎಂದ. ಬೀರುವಿನ ಹಿಂದೆ ಹೂವಿನ ಕುಂಡ ಇಡುವವರು ಲೋಕದಲ್ಲಿ ಯಾರೂ ಇಲ್ಲ. ಅಲ್ಲಿ ಕುಂಡ ಕಂಡ ಬೇಟೆಗಾರ ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ.

ಆ ಮಾತು ನನಗೆ ಪೂರ್ತಿ ಮನದಟ್ಟಾದದ್ದು ನವರಾತ್ರಿಯಲ್ಲಿ. ನಮ್ಮ ಮನೆಯಲ್ಲಿ ಏಳು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ಮೇಲೆ ಪಟ್ಟದ ಗೊಂಬೆ, ನಡುವೆ ದಶಾವತಾರ, ಕೆಳಗೆ ದವಸಧಾನ್ಯದ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ ದಂಪತಿ. ಆ ವರ್ಷ ಮಕ್ಕಳು ತಮಾಷೆಗೆಂದು ಶೆಟ್ಟಿಯನ್ನು ಎತ್ತಿ ದಶಾವತಾರದ ಸಾಲಿನ ಕೊನೆಯಲ್ಲಿ ಕೂರಿಸಿದ್ದರು. ಆರತಿ ತಟ್ಟೆ ಹಿಡಿದು ಬಂದ ಅಮ್ಮ, ಕನ್ನಡಕವನ್ನೂ ಹಾಕಿಕೊಂಡಿರದಿದ್ದರೂ, ಬಾಗಿಲಲ್ಲಿ ನಿಂತೇ “ಶೆಟ್ರು ಅಲ್ಲಿಗ್ಯಾಕೆ ಹೋದ್ರು?” ಎಂದು ಕೇಳಿದರು. ಅದೇ ಮಕ್ಕಳು ಶೆಟ್ಟಿಯ ಅಂಗಡಿಯ ಮುಂದೆ ಬೇಳೆ ತುಂಬಿದ ಕುಡಿಕೆಯೊಂದನ್ನು ಹೆಚ್ಚಿಗೆ ಇಟ್ಟಿದ್ದರು. ಗೊಂಬೆ ನೋಡಲು ಬಂದವರಾಗಲಿ, ಅಮ್ಮನಾಗಲಿ, ಹಬ್ಬ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವ ದಿನದವರೆಗೆ ಅದನ್ನು ಗಮನಿಸಲಿಲ್ಲ. ನಾನು ಮೂಲೆ ಬಿಟ್ಟು ಕುಡಿಕೆಯಾಗುವುದನ್ನು ಕಲಿತದ್ದು ಅಲ್ಲಿಂದ.

ಕುಡಿಕೆಯಾಗುವುದು ಎಂದರೆ, ಯಾರೂ ಎಣಿಸದ ವಸ್ತುವಾಗಿ, ಅದು ಇರಲು ಕಾರಣವಿರುವ ಜಾಗದಲ್ಲಿ ಕೂರುವುದು. ನಾವು ಹೆಚ್ಚಾಗಿ ಆಡುವ ನಕ್ಷೆ, ಅಂದರೆ ಆಟ ನಡೆಯುವ ಜಾಗ, ‘ಕೌಂಟರ್ ಸ್ಟ್ರೈಕ್’ ಆಟದಿಂದ ಬಂದ ಆಫೀಸಿನದು. ಅಲ್ಲಿ ಕುರ್ಚಿ, ಕಂಪ್ಯೂಟರ್, ಕಡತದ ಪೆಟ್ಟಿಗೆ, ನೀರಿನ ಬಾಟಲಿ, ಕಸದ ಬುಟ್ಟಿಗಳಿಗೆ ಕೊರತೆಯಿಲ್ಲ. ಮೇಜಿನ ಸುತ್ತ ನಾಲ್ಕು ಕುರ್ಚಿಗಳಿರುವಲ್ಲಿ ಐದನೆಯ ಕುರ್ಚಿಯಾಗುವುದು ಮೇಲುನೋಟಕ್ಕೆ ಜಾಣತನವಾಗಿ ಕಂಡರೂ ಅಪಾಯದ್ದು, ಏಕೆಂದರೆ ಕುರ್ಚಿಗಳಿಗೆ ಅಂತರವಿರುತ್ತದೆ, ದಿಕ್ಕಿರುತ್ತದೆ, ನಕ್ಷೆಯನ್ನು ನೂರು ಸಲ ಆಡಿದವನಿಗೆ ಲೆಕ್ಕವೂ ಬಾಯಿಪಾಠವಾಗಿರುತ್ತದೆ. ಕಡತದ ಪೆಟ್ಟಿಗೆಗಳ ರಾಶಿಯನ್ನು ಮಾತ್ರ ಯಾರೂ ಎಣಿಸುವುದಿಲ್ಲ. ನನ್ನ ಅಂಗಡಿಯಲ್ಲಿ ಒಂದರೊಳಗೊಂದು ಕೂರಿಸಿದ ಲೋಟಗಳ ಸಾಲಿನಿಂದ ಒಂದನ್ನು ತೆಗೆದರೆ ನನಗೇ ತಿಳಿಯುವುದಿಲ್ಲ. ಗೋಡೆಗೆ ನೇತುಹಾಕಿದ ಮೂರು ಪರಾತಗಳಲ್ಲಿ ಒಂದು ಓರೆಯಾಗಿದ್ದರೆ ಬೀದಿಯಲ್ಲಿ ಹೋಗುವವನಿಗೂ ಕಾಣುತ್ತದೆ.

ಬಣ್ಣದ ವಿಚಾರವನ್ನೂ ಇಲ್ಲಿ ಹೇಳಬೇಕು. ಮೈಗೆ ಬಣ್ಣ ಬಳಿದುಕೊಂಡು ಗೋಡೆಯೊಡನೆ ಬೆರೆಯುವ ಆಟಗಳೂ ಇವೆ. ಪ್ರಾಪ್ ಹಂಟಿನಲ್ಲಿ ಆ ಶ್ರಮವಿಲ್ಲ, ನೀವು ಆದ ವಸ್ತುವಿನ ಬಣ್ಣ ತಾನಾಗಿಯೇ ಸರಿ ಇರುತ್ತದೆ. ಹಾಗಾಗಿ ನಿಮ್ಮನ್ನು ಹಿಡಿದುಕೊಡುವುದು ಅಂಚು, ನೆರಳು ಮತ್ತು ಚಲನೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತವರಿಗೆ ಬಂಡೆಯ ಮೇಲೆ ಮಲಗಿದ ಮೊಸಳೆ ಅಂಬಿಗ ಕೈ ತೋರಿಸುವ ತನಕ ಕಾಣದಿರುವುದಕ್ಕೆ ಅದರ ಬಣ್ಣವಷ್ಟೇ ಕಾರಣವಲ್ಲ. ಒರಟು ಬೆನ್ನಿನ ಗೆರೆ ಬಂಡೆಯ ಒರಟಿನಲ್ಲಿ ಕರಗಿಹೋಗಿರುತ್ತದೆ, ಮತ್ತು ಅದು ಅಲುಗುವುದಿಲ್ಲ. ಆಟದಲ್ಲಿಯೂ ಹಿಂದೆ ಬಿಳಿ ಗೋಡೆಯಿದ್ದರೆ ನಿಮ್ಮ ಆಕಾರ ಪೂರ್ತಿ ಎದ್ದು ಕಾಣುತ್ತದೆ. ಅರ್ಧ ಮೈಯನ್ನು ಪಕ್ಕದ ವಸ್ತು ಮರೆಮಾಡುವಂತೆ, ಹಿನ್ನೆಲೆಯಲ್ಲಿ ಇನ್ನೂ ನಾಲ್ಕು ಸಾಮಾನು ಇರುವಂತೆ ಕೂತರೆ ಕಣ್ಣು ಜಾರಿಹೋಗುತ್ತದೆ. ಅವಿತವರಿಗೆ ತಮ್ಮನ್ನೇ ಹೊರಗಿನಿಂದ ನೋಡುವ ಸೌಲಭ್ಯವನ್ನು ಆಟ ಕೊಟ್ಟಿದೆ. ಕೂತ ಮೇಲೆ ಒಮ್ಮೆ ನೋಟವನ್ನು ತಿರುಗಿಸಿ, ಬೇಟೆಗಾರ ಬರುವ ಬಾಗಿಲಿನ ಕಡೆಯಿಂದ ನಾನು ಹೇಗೆ ಕಾಣುತ್ತೇನೆ ಎಂದು ಪರೀಕ್ಷಿಸುವ ಅಭ್ಯಾಸ ನನ್ನನ್ನು ಉಳಿಸಿದಷ್ಟು ಬೇರೆ ಯಾವುದೂ ಉಳಿಸಿಲ್ಲ.

ಹೊಸಬರಿಗೆ ತಿಳಿಯದ, ನನಗೂ ಎರಡನೆಯ ವರ್ಷದಲ್ಲಿ ತಿಳಿದ ಸೂಕ್ಷ್ಮವೊಂದಿದೆ. ಇಲ್ಲಿನ ವಸ್ತುಗಳಿಗೆ ನಿಜವಾದ ತೂಕವಿದ್ದಂತೆ ಎಂಜಿನ್, ಅಂದರೆ ಆಟವನ್ನು ನಡೆಸುವ ತಂತ್ರಾಂಶ, ಲೆಕ್ಕ ಹಾಕುತ್ತದೆ. ಗುಂಡು ತಗುಲಿದ ಡಬ್ಬ ಉರುಳುತ್ತದೆ, ಕಲ್ಲಂಗಡಿ ಒಡೆದು ಚೂರಾಗುತ್ತದೆ. ಆದರೆ ವಸ್ತುವಾಗಿರುವ ಆಟಗಾರ ಮಲಗಲಾರ. ಎಡಕ್ಕೆ ಬಲಕ್ಕೆ ತಿರುಗಬಹುದೇ ಹೊರತು ಅಡ್ಡ ಬೀಳುವಂತಿಲ್ಲ. ಒಮ್ಮೆ ಕಡತದ ಪೆಟ್ಟಿಗೆಗಳ ನಡುವೆ ನೆಮ್ಮದಿಯಾಗಿ ಕೂತಿದ್ದೆ. ಬೆಂಗಳೂರಿನ ಭಾಮೈದ ಕೋಣೆಯೊಳಗೆ ಬಂದು, ಅನುಮಾನದಿಂದ ರಾಶಿಯ ಇನ್ನೊಂದು ತುದಿಗೆ ನಾಲ್ಕು ಗುಂಡು ಹಾರಿಸಿದ. ಪೆಟ್ಟಿಗೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಒಂದು ಮಗುಚಿ, ಒಂದು ಓರೆಯಾಗಿ ಬಿದ್ದವು. ಗುಂಡು ನನಗೆ ತಗುಲಿರಲಿಲ್ಲ, ನಾನು ಅಲುಗಿರಲೂ ಇಲ್ಲ. ಜಗಳವಾದ ಮನೆಯಲ್ಲಿ ಸುಮ್ಮನೆ ಕೈಕಟ್ಟಿ ನಿಂತವನ ಹಾಗೆ, ಅಷ್ಟು ಅವಾಂತರದ ನಡುವೆ ನೆಟ್ಟಗೆ ನಿಂತಿದ್ದ ಪೆಟ್ಟಿಗೆ ನಾನೊಬ್ಬನೇ ಆಗಿದ್ದೆ. ಅವನು ಎರಡು ಕ್ಷಣ ನೋಡಿದ, ನಕ್ಕ, ಹೊಡೆದ. ಅಂದಿನಿಂದ ಉರುಳಿದರೂ ನೆಟ್ಟಗಿದ್ದಂತೆಯೇ ಕಾಣುವ ದುಂಡನೆಯ ವಸ್ತುಗಳ ಮೇಲೆ, ಅಥವಾ ಸುಲಭಕ್ಕೆ ಮಗುಚದ ಭಾರದ ವಸ್ತುಗಳ ಮೇಲೆ ನನಗೆ ಒಲವು ಹೆಚ್ಚು.

ಗಾತ್ರದ ಆಯ್ಕೆಯಲ್ಲಿಯೂ ಕೊಡುಕೊಳ್ಳುವಿಕೆ ಇದೆ. ವಸ್ತು ಚಿಕ್ಕದಾದಷ್ಟೂ ಅವಿತುಕೊಳ್ಳುವುದು ಸುಲಭ, ಸಾಯುವುದೂ ಅಷ್ಟೇ ಸುಲಭ. ದೊಡ್ಡದಾದಷ್ಟೂ ಆರೋಗ್ಯ ಹೆಚ್ಚು, ಹಲವು ಗುಂಡು ತಿಂದು ಓಡಿಹೋಗಲು ಸಾಧ್ಯ. ಬಾಟಲಿಯಾಗಿ ಸತ್ತ ಅನುಭವ ನನಗೆ ಸಾಕಷ್ಟಿದೆ. ನನ್ನ ಮಟ್ಟಿಗೆ ಮಧ್ಯಮ ಗಾತ್ರದ ವಸ್ತುವೇ ಸರಿ.

ಒಂದೇ ಕಡೆ ಕೊನೆಯವರೆಗೆ ಕೂರಬೇಕೇ ಎಂಬುದು ನಮ್ಮ ಆರು ಮಂದಿಯಲ್ಲಿ ಇನ್ನೂ ಮುಗಿಯದ ವಾದ. ಬೇಟೆಗಾರ ಒಂದು ಕೋಣೆಯನ್ನು ಶೋಧಿಸಿ ಹೊರಟ ಕೂಡಲೇ ಆ ಕೋಣೆಗೆ ಹೋಗುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಜಾಲಾಡಿದ ಕಪಾಟನ್ನು ಮತ್ತೆ ಜಾಲಾಡಲು ಮನುಷ್ಯನಿಗೆ ಮನಸ್ಸು ಬರುವುದಿಲ್ಲ. ಆದರೆ ಹಲವು ಸರ್ವರುಗಳಲ್ಲಿ, ಅಂದರೆ ಆಟಗಾರರೆಲ್ಲ ಬಂದು ಸೇರಿಕೊಳ್ಳುವ ಯಂತ್ರಗಳಲ್ಲಿ, ಅವಿತವರು ಆಗಾಗ ಶಬ್ದ ಮಾಡಲೇಬೇಕು ಎಂಬ ಕಟ್ಟಳೆಯಿದೆ, ಆಗ ಈ ಉಪಾಯದ ಜೊತೆಗೆ ಕಿವಿಯ ಲೆಕ್ಕವೂ ಬೇಕು. ಹೆಡ್‌ಫೋನ್ ಹಾಕಿಕೊಂಡ ಬೇಟೆಗಾರನಿಗೆ ಶಬ್ದ ಎಡದ್ದೋ ಬಲದ್ದೋ ಎಂಬುದು ಚೆನ್ನಾಗಿ ತಿಳಿಯುತ್ತದೆ, ಮೇಲಿನದೋ ಕೆಳಗಿನದೋ ಎಂಬುದು ಅಷ್ಟು ತಿಳಿಯುವುದಿಲ್ಲ. ಆದ್ದರಿಂದ ಶಬ್ದದ ಕಟ್ಟಳೆಯಿರುವ ಕಡೆ ಎರಡು ಅಂತಸ್ತಿನ ಕಟ್ಟಡವನ್ನೇ ಆರಿಸುತ್ತೇನೆ.

ಇನ್ನು ದೂರುಗಳು. ನಾನು ಆರಂಭಿಸಿದಾಗ ಅನೇಕ ನಕ್ಷೆಗಳಲ್ಲಿ ಗೋಡೆಗಳು ನೇರಳೆ ಮತ್ತು ಕಪ್ಪು ಚೌಕಗಳಾಗಿ, ವಸ್ತುಗಳ ಬದಲು ಕೆಂಪು ಅಕ್ಷರದ ‘ಎರರ್’ ಫಲಕಗಳಾಗಿ ಕಾಣುತ್ತಿದ್ದವು. ಆ ನಕ್ಷೆಗಳು ಕೌಂಟರ್ ಸ್ಟ್ರೈಕ್: ಸೋರ್ಸ್ ಆಟದ ಸಾಮಗ್ರಿಯನ್ನು ಬಳಸುತ್ತಿದ್ದು, ಅದು ನಮ್ಮ ಯಂತ್ರದಲ್ಲಿ ಇರಲಿಲ್ಲ. ಅವಿತುಕೊಳ್ಳುವ ಆಟದಲ್ಲಿ ಎಲ್ಲವೂ ಎರರ್ ಫಲಕವಾಗಿ ಕಂಡರೆ ಆಡುವುದೇನನ್ನು? ಸಾರ್ವಜನಿಕ ಸರ್ವರಿಗೆ ಹೋದರೆ ಆಟ ಶುರುವಾಗುವ ಮುನ್ನ ಅವರ ಹೆಚ್ಚುವರಿ ಸಾಮಗ್ರಿ ಇಳಿಯುವುದನ್ನು ಕಾಯಬೇಕು, ಅದು ಡಿಸ್ಕಿನಲ್ಲಿ ಉಳಿದು ಜಾಗ ತಿನ್ನುತ್ತದೆ. ಅಲ್ಲಿ ಮೈಕಿನಲ್ಲಿ ಕೇಳಿಬರುವ ಮಾತು ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ದೂರದ ಸರ್ವರಾದರೆ ವಿಳಂಬದಿಂದಾಗಿ ನೀವು ನಿಂತೆನೆಂದುಕೊಂಡ ಮೇಲೂ ಬೇಟೆಗಾರನ ಪರದೆಯಲ್ಲಿ ಒಂದು ಕ್ಷಣ ಜಾರುತ್ತಿರುತ್ತೀರಿ, ಜಾರುವ ಕಸದ ಬುಟ್ಟಿಯನ್ನು ಯಾರು ಬಿಡುತ್ತಾರೆ? ಈ ಎಲ್ಲ ಕಾರಣಕ್ಕೆ ನಮ್ಮಲ್ಲೊಬ್ಬರ ಯಂತ್ರದಲ್ಲಿಯೇ ಆಟ ನಡೆಸಿ, ಗುಪ್ತಪದ ಹಾಕಿ, ನಮ್ಮವರಷ್ಟೇ ಸೇರಿಕೊಳ್ಳುತ್ತೇವೆ. ಮಂಡ್ಯದ ಕಡೆ ಕರೆಂಟು ಹೋದ ರಾತ್ರಿ ಅಕ್ಕನ ಮಗನ ಹೆಸರು ಪಟ್ಟಿಯಿಂದಲೇ ಅಳಿಸಿಹೋಗುತ್ತದೆ. ಅದಕ್ಕೆ ಆಟವನ್ನು ದೂರುವಂತಿಲ್ಲ.

ಚಿತ್ರಗಳ ಅಂದಚಂದದಲ್ಲಿ ಇದು ಹಳೆಯ ಕಾಲದ್ದು ಎಂಬುದನ್ನು ಒಪ್ಪಲೇಬೇಕು. ಆದರೆ ಅದರ ಲಾಭವೂ ಉಂಟು. ನನ್ನ ಲೆಕ್ಕಪತ್ರದ ಸಾಮಾನ್ಯ ಲ್ಯಾಪ್‌ಟಾಪು ಇದನ್ನು ತಡವರಿಸದೆ ಓಡಿಸುತ್ತದೆ. ಒಬ್ಬರೇ ಆಡಲು ಕೊಳ್ಳುವವರಿಗೆ ಪ್ರಾಪ್ ಹಂಟ್ ಬೇಡ ಎಂದೇ ಹೇಳುತ್ತೇನೆ. ನಾಲ್ಕೈದು ಮಂದಿ ಪರಿಚಯದವರಿದ್ದರೆ ಧಾರಾಳವಾಗಿ ಕೊಳ್ಳಬಹುದು. ಐದರಲ್ಲಿ ನಾಲ್ಕೂವರೆ ಅಂಕ.

ಅರ್ಧ ಅಂಕವನ್ನು ನನ್ನ ಸಿದ್ಧಾಂತಕ್ಕಾದ ಪೆಟ್ಟಿಗಾಗಿ ಹಿಡಿದಿಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಹೊಸದಾಗಿ ಸೇರಿಕೊಂಡ ನನ್ನ ಹೆಂಡತಿ ಆ ಆಫೀಸಿನ ನಕ್ಷೆಯಲ್ಲಿ, ಬಾಗಿಲಿಗೆ ಎದುರಾಗಿರುವ ಮೇಜಿನ ಮೇಲೆ, ಇದ್ದ ಒಂದು ಟೆಲಿಫೋನಿನ ಪಕ್ಕ ಎರಡನೆಯ ಟೆಲಿಫೋನಾಗಿ ಕೂತಳು. ಚಿಕ್ಕ ವಸ್ತು, ಬಯಲಿನಲ್ಲಿ, ಎಣಿಸಬಹುದಾದ ಕಡೆ. ನಾನು ಮೇಲೆ ಬರೆದದ್ದರಲ್ಲಿ ಒಂದನ್ನೂ ಅವಳು ಪಾಲಿಸಿರಲಿಲ್ಲ. ನಾವು ಮೂವರು ಬೇಟೆಗಾರರು ಅವಳ ಮುಂದೆಯೇ ಎಷ್ಟೋ ಸಲ ಓಡಾಡಿ, ಕಪಾಟುಗಳಿಗೆ ಗುಂಡು ಹೊಡೆದು ಸುಸ್ತಾಗಿ, ಸಮಯ ಮುಗಿದು ಸೋತೆವು. ಅಷ್ಟು ಧೈರ್ಯ ಹೇಗೆ ಬಂತೆಂದು ಕೇಳಿದ್ದಕ್ಕೆ, “ನಿಮ್ಮ ಅಂಗಡಿ ಗಲ್ಲಾದ ಮೇಲೂ ಎರಡು ಫೋನ್ ಇದೆಯಲ್ಲ, ಇಷ್ಟು ವರ್ಷದಲ್ಲಿ ಯಾರಾದ್ರೂ ಯಾಕೆ ಅಂತ ಕೇಳಿದಾರಾ?” ಎಂದಳು.