ಹಳೇ ಪೋಕೆಮಾನ್ ಕಾರ್ಡಿಗೆ ವಿಮೆ: ಬೆಲೆ ಕಟ್ಟುವ ದಾರಿಗಳಲ್ಲಿ ಯಾವುದು ವಾಸಿ?

ಪೋಕೆಮಾನ್ ಅಂದರೆ ಮಕ್ಕಳು ಕೂಡಿಸಿ ಆಡುವ ಚಿತ್ರದ ಕಾರ್ಡುಗಳು. ಅದರಲ್ಲಿ ಚಾರಿಜಾರ್ಡ್ ಅನ್ನುವ ಬೆಂಕಿಯುಗುಳುವ ಪ್ರಾಣಿಯದ್ದು ಒಂದೇ ಕಾರ್ಡು. ಫೋನಿನ ಆ್ಯಪ್ ಒಂದು ಬೆಲೆ ಹೇಳಿತು. ಇಬೇ ಅನ್ನುವ ಆನ್‌ಲೈನ್ ಸೈಟಿನಲ್ಲಿ ಮಾರಾಟವಾದ ಲೆಕ್ಕ ಇನ್ನೊಂದು ಹೇಳಿತು. ಬೆಂಗಳೂರಿನ ಕಾರ್ಡ್ ವ್ಯಾಪಾರಿಯೊಬ್ಬರು ಅದರ ಅರ್ಧಕ್ಕೆ ಬಂದು ನಿಂತರು. ಬಳ್ಳಾರಿಯ ನಮ್ಮ ವಿಮೆ ಏಜೆಂಟರು ಮಾತ್ರ ಬೆಲೆಯನ್ನೇ ಕೇಳಲಿಲ್ಲ. "ಇದಕ್ಕೆ ಕಾಗದ ಏನಿದೆ ಸಾರ್?" ಅಂದರು. ಅವರು ಕೇಳಿದ್ದೇ ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ನಷ್ಟ ಅಳೆಯೋಕೆ ವಿಮೆಯ ಸರ್ವೇಯರ್ ಬಂದು ಕೂತಾಗ ತೋರಿಸಲು ಆಗದ ಬೆಲೆ ಎಷ್ಟಿದ್ದರೇನು?

ಕಾರ್ಡುಗಳು ನನ್ನ ತಮ್ಮನ ಮಗನದು. ಅವರು ಅಮೆರಿಕದಲ್ಲಿದ್ದಾಗ, 1999ರ ಆ ಪೋಕೆಮಾನ್ ಹುಚ್ಚಿನ ಕಾಲದಲ್ಲಿ ಕೂಡಿಸಿದ್ದು. ಹುಡುಗ ಈಗ ಕೆನಡಾದಲ್ಲಿ ಕೆಲಸಕ್ಕಿದ್ದಾನೆ. "ದೊಡ್ಡಪ್ಪ, ಮಾರಬೇಡಿ, ನಿಮ್ಮ ಹತ್ರಾನೇ ಇರಲಿ" ಅಂದ. ಹಾಗಾಗಿ ಆಲ್ಬಮ್‌ಗಳು ಗಾಂಧಿನಗರದ ನಮ್ಮ ಮನೆಯ ಬೀರುವಿನಲ್ಲಿವೆ. ಅವುಗಳ ಪಕ್ಕದಲ್ಲೇ ನನ್ನ ಕಾಲದ, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳ ಡಬ್ಬಿಯೂ ಇದೆ. ಅದರ ಮಾತು ಆಮೇಲೆ.

ಯಾವ ದಾರಿ ಹಿಡಿದರೂ ಮೊದಲು ಕಾರ್ಡು ಯಾವ ಮುದ್ರಣದ್ದು ಅಂತ ಗೊತ್ತಿರಬೇಕು. ಇಂಗ್ಲಿಷಿನ ಮೊದಲ ಕಂತು, ಅಂದರೆ ಬೇಸ್ ಸೆಟ್, 1999ರ ಜನವರಿಯಲ್ಲಿ ಬಂತು, ಒಟ್ಟು 102 ಕಾರ್ಡು. ಅದರಲ್ಲಿ ಚಾರಿಜಾರ್ಡ್ ನಂಬರ್ 4/102. ಚಿತ್ರದ ಕೆಳಗೆ ಎಡಗಡೆ ಫಸ್ಟ್ ಎಡಿಷನ್ (ಮೊದಲ ಮುದ್ರಣ) ಅನ್ನುವ ಮುದ್ರೆ ಇದ್ದರೆ ಬೆಲೆ ಮುಗಿಲಿಗೆ. ಅಂಥದ್ದೊಂದು, ಕಾರ್ಡಿನ ಸ್ಥಿತಿ ನೋಡಿ ಅಂಕ (ಗ್ರೇಡ್) ಕೊಡುವ ಪಿಎಸ್‌ಎ ಕಂಪನಿಯಿಂದ ಪೂರ್ತಿ 10 ಪಡೆದದ್ದು, 2022ರ ಮಾರ್ಚ್‌ನಲ್ಲಿ 4,20,000 ಡಾಲರ್‌ಗೆ ಹೋಯಿತು. ಮುದ್ರೆ ಇಲ್ಲ, ಆದರೆ ಚಿತ್ರದ ಚೌಕಟ್ಟಿನ ಬಲಗಡೆ ನೆರಳೂ ಇಲ್ಲ ಅಂದರೆ ಅದು ಶ್ಯಾಡೋಲೆಸ್, ಅದಕ್ಕೂ ಒಳ್ಳೇ ಬೆಲೆ. ನೆರಳಿದ್ದರೆ ಅನ್‌ಲಿಮಿಟೆಡ್, ಅಂದರೆ ಆಮೇಲಿನ ಸಾಮಾನ್ಯ ಮುದ್ರಣ. ನಮ್ಮದು ಅನ್‌ಲಿಮಿಟೆಡ್, ಅದೂ ಹುಡುಗರು ಆಡಿ ಸವೆಸಿದ್ದು. ಪೇಪರಿನಲ್ಲಿ ಬರುವ ಕೋಟಿ ಲೆಕ್ಕ ನೋಡಿ ಕುಣಿಯುವವರು ಇಲ್ಲೇ ಸ್ವಲ್ಪ ನಿಲ್ಲಬೇಕು.

ಫೋನಿನಲ್ಲಿ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಬೇಗ ಕೆಲಸ ಮುಗಿಸುತ್ತವೆ, ನಿಜ. ಆದರೆ ನಾನು ನೋಡಿದ ಆ್ಯಪ್ ನೆರಳಿದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಅಂದುಕೊಂಡಿತು. 2000ದ ಬೇಸ್ ಸೆಟ್ 2ರಲ್ಲೂ ಚಾರಿಜಾರ್ಡ್ ನಂಬರ್ 4 ಅಲ್ವಾ, ಅದು 4/130. ಅದನ್ನೂ ಇದನ್ನೂ ಕಲಸಿಬಿಟ್ಟಿತು. ಪಟ್ಟಿ ಮಾಡಿಕೊಳ್ಳೋಕೆ ಆ್ಯಪ್ ಸಾಕು. ಬೆಲೆಗೆ ಬೇಡ.

ಕಾರ್ಡುಗಳ ಬೆಲೆ ಪಟ್ಟಿ ಮಾಡಿ ತೋರಿಸುವ ಪ್ರೈಸ್‌ಚಾರ್ಟಿಂಗ್ ಸೈಟ್ ಅದಕ್ಕಿಂತ ಎಷ್ಟೋ ಮೇಲು. ಮುದ್ರಣವನ್ನು ನಾವೇ ಆರಿಸಬಹುದು. ಗ್ರೇಡ್ ಆಗದ ಕಾರ್ಡಿಗೆ ಒಂದು ಬೆಲೆ, ಗ್ರೇಡ್ ಆದದ್ದಕ್ಕೆ ಬೇರೆ ಬೇರೆ ಬೆಲೆ ಕಾಣಿಸುತ್ತದೆ. ಬೇಸ್ ಸೆಟ್ ಆದ ಮೇಲೆ ಬಂದ ಜಂಗಲ್, ಫಾಸಿಲ್ ಸೆಟ್‌ಗಳ ಸಾಮಾನ್ಯ ಕಾರ್ಡುಗಳಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹಿಡಿದೆ. ಒಂದೊಂದಕ್ಕೆ ಹುಡುಕುತ್ತಾ ಕೂತರೆ ದಿನ ಹೋಗುತ್ತದೆ, ಸಿಗುವುದು ಚಿಲ್ಲರೆ. ಆದರೆ ಗ್ರೇಡ್ ಆಗದ ಕಾರ್ಡು ಅಂದರೆ ಯಾವ ಸ್ಥಿತಿಯದ್ದು? ಹೊಸದರಂತೆ ಇರುವುದೂ ಗ್ರೇಡ್ ಆಗದ್ದೇ, ಮೂಲೆ ಮುರಿದದ್ದೂ ಗ್ರೇಡ್ ಆಗದ್ದೇ. ಆ ಒಂದು ಅಂಕಿಯಲ್ಲಿ ಎರಡೂ ಬೆರೆತಿವೆ. ದೊಡ್ಡ ಕಾರ್ಡಿಗೆ ಇದು ಸಾಲದು.

ಆ ಕೆಲವು ದೊಡ್ಡ ಕಾರ್ಡುಗಳಿಗೆ ಇಬೇಯನ್ನೇ ನೆಚ್ಚಿಕೊಂಡೆ. ಹುಡುಕುವಾಗ "ಸೋಲ್ಡ್ ಐಟಮ್ಸ್" ಅನ್ನುವುದನ್ನು ಒತ್ತಲೇಬೇಕು. ಇಲ್ಲದಿದ್ದರೆ ಕಾಣುವುದು ಮಾರುವವರ ಆಸೆ, ಬೆಲೆಯಲ್ಲ. ಸುಮಾರು ಮೂರು ತಿಂಗಳಲ್ಲಿ ಮಾರಾಟವಾದದ್ದು ಅಲ್ಲಿ ಸಿಗುತ್ತದೆ. ಫೋಟೋ ದೊಡ್ಡದು ಮಾಡಿ ನಮ್ಮ ಕಾರ್ಡಿನ ಪಕ್ಕ ಇಟ್ಟು ನೋಡಬಹುದು: ಹಿಂಬದಿಯ ನೀಲಿ ಅಂಚಿನಲ್ಲಿ ಎಷ್ಟು ಬಿಳಿ ಎದ್ದಿದೆ, ಹೊಳೆಯುವ ಭಾಗದಲ್ಲಿ ಗೀರು ಇದೆಯಾ, ಚಿತ್ರ ನಡುವಿಗಿದೆಯಾ. ಒಂದು ಕಡೆ ಮಾತ್ರ ಎಚ್ಚರ. ಚೌಕಾಸಿ ಮಾಡಿ ಕೊಂಡ ಕಾರ್ಡಿಗೆ ಇಬೇ ಹಳೇ ಬೆಲೆಯನ್ನೇ ಗೀಟು ಹಾಕಿ ತೋರಿಸುತ್ತದೆ. ನಿಜವಾಗಿ ಕೊಟ್ಟದ್ದು ಅದಕ್ಕಿಂತ ಕಡಿಮೆ. ಅಂಥವನ್ನು ನಾನು ಲೆಕ್ಕದಿಂದ ತೆಗೆದುಹಾಕಿದೆ. ಅತಿ ಹೆಚ್ಚಿನದ್ದನ್ನೂ ಅತಿ ಕಡಿಮೆಯದ್ದನ್ನೂ ಬಿಟ್ಟೆ. ಉಳಿದವುಗಳ ಪುಟಗಳನ್ನು ತಾರೀಖಿನ ಸಮೇತ ಪ್ರಿಂಟ್ ತೆಗೆದೆ. ಅದರ ಮೇಲೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿದೆ. ಕಾರ್ಡು ಸುಟ್ಟುಹೋದರೆ ಮತ್ತೊಂದನ್ನು ಬಳ್ಳಾರಿಗೆ ತರಿಸೋಕೆ ಆಗುವ ಖರ್ಚೇ ತಾನೇ ನಮಗೆ ಬೇಕಾದದ್ದು? ಬೇಜಾರಿನ ಕೆಲಸ, ಕಣ್ಣು ಉರಿಯುತ್ತದೆ. ಆದರೂ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ.

ಬೆಂಗಳೂರಿನ ವ್ಯಾಪಾರಿಗೆ ಫೋಟೋ ಕಳಿಸಿದ್ದೆ. ಅವರ ಬೆಲೆ ಇಬೇಯ ಅರ್ಧದ ಆಸುಪಾಸಿನಲ್ಲಿತ್ತು. ಇದರಲ್ಲಿ ಮೋಸ ಏನಿಲ್ಲ. ಕೊಂಡು ಮಾರುವವರು ಕೊಳ್ಳುವ ಬೆಲೆ ಹೇಳುತ್ತಾರೆ. ಹಳೇ ಬಂಗಾರ ಕೊಡುವಾಗಿನ ರೇಟೂ ಹೊಸದು ತರುವಾಗಿನ ರೇಟೂ ಒಂದೇ ಇರುತ್ತದೆಯಾ? ಮಾರುವ ಮನಸ್ಸಿದ್ದರೆ ಅದು ಸರಿಯಾದ ಅಂಕಿ. ವಿಮೆಗೆ ಅದನ್ನು ಬರೆಸಿದರೆ ನಷ್ಟ ನಮಗೇ. ಲೆಟರ್‌ಹೆಡ್ ಮೇಲೆ ಬರೆದುಕೊಡಿ ಅಂದಾಗ ಅವರು ಆಗಲ್ಲ ಅಂದರು.

ಇನ್ನು ಗ್ರೇಡಿಂಗ್. ಪಿಎಸ್‌ಎಗೆ ಕಳಿಸಿದರೆ ಅವರು ಕಾರ್ಡು ಪರೀಕ್ಷಿಸಿ 1ರಿಂದ 10ರ ಒಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡುತ್ತಾರೆ. ಪ್ರತಿ ಕಾರ್ಡಿಗೂ ಒಂದು ನಂಬರ್ ಇರುತ್ತದೆ, ಅದನ್ನು ಅವರ ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕಾಗದ ಕೇಳುವವರಿಗೆ ಇದಕ್ಕಿಂತ ಒಳ್ಳೇ ಕಾಗದ ಇಲ್ಲ. ನಕಲಿಯೋ ಅಸಲಿಯೋ ಅನ್ನುವ ಜಗಳ ಅಲ್ಲೇ ಮುಗಿಯುತ್ತದೆ. ನಮ್ಮೂರಿನ ಅದಿರಿನ ಧೂಳೂ ಒಳಗೆ ಹೋಗಲ್ಲ. ಆದರೆ ಖರ್ಚು ಜಾಸ್ತಿ. ಕಾರ್ಡಿನ ಬೆಲೆ ಏರಿದಂತೆ ಅವರ ಫೀಯೂ ಏರುತ್ತದೆ. ಹೋಗಿ ಬರುವ ದಾರಿಯಲ್ಲಿ ಕಳೆದರೆ ಅನ್ನುವ ಭಯ ಬೇರೆ. ಚಾರಿಜಾರ್ಡ್ ಒಂದನ್ನು ಮಧ್ಯವರ್ತಿಯ ಮೂಲಕ ಕಳಿಸಿದೆ, ಬರೋಕೆ ತಿಂಗಳುಗಳೇ ಹಿಡಿದವು. 5 ಅಂಕ ಬಂತು. ಹುಡುಗನಿಗೆ ಹೇಳಿದೆ, ನಕ್ಕ. ಗ್ರೇಡಿಂಗ್ ಖರ್ಚಿನ ಹಲವು ಪಟ್ಟು ಬಾಳುವ ಕಾರ್ಡಾದರೆ ಮಾತ್ರ ಕಳಿಸಿ. ಉಳಿದವನ್ನು ಕಳಿಸುವುದು ಸುಮ್ನೆ ದುಡ್ಡು ಸುಟ್ಟ ಹಾಗೆ.

ಏಜೆಂಟರ ಮಾತು ಕೇಳಿ ಚಿನ್ನದ ವ್ಯಾಲ್ಯುವರ್ ಹತ್ತಿರವೂ ಹೋಗಿದ್ದೆ. "ಗ್ರಾಂ ಲೆಕ್ಕ ಇದ್ರೆ ಹೇಳ್ತೀನಿ, ಈ ರಟ್ಟಿಗೆ ಏನಂತ ಹೇಳ್ಲಿ?" ಅಂದರು.

ನನ್ನ ಕ್ರಿಕೆಟ್ ಕಾರ್ಡುಗಳ ವಿಷಯದಲ್ಲಿ ಯಾವ ದಾರಿಯೂ ನಡೆಯಲಿಲ್ಲ. ಹಳೇ ಸಾಮಾನು ಮಾರುವ ಸೈಟ್‌ಗಳಲ್ಲಿ ಕೇಳುವ ಬೆಲೆ ಇದೆ, ಮಾರಾಟವಾದ ದಾಖಲೆ ಇಲ್ಲ. ಹಾಗಾಗಿ ಅವನ್ನು ವಿಮೆಯಿಂದ ಬಿಟ್ಟೆ. ಫೋಟೋ ಮಾತ್ರ ತೆಗೆದಿಟ್ಟಿದ್ದೇನೆ.

ಕೊನೆಗೆ ಏಜೆಂಟರಿಗೆ ಕೊಟ್ಟದ್ದು ಒಂದೇ ಫೈಲು. ದೊಡ್ಡ ಕಾರ್ಡುಗಳಿಗೆ ಇಬೇ ಪ್ರಿಂಟ್, ಚಾರಿಜಾರ್ಡಿಗೆ ಅದರ ಜೊತೆ ಪಿಎಸ್‌ಎ ನಂಬರ್, ಉಳಿದವಕ್ಕೆ ಪ್ರೈಸ್‌ಚಾರ್ಟಿಂಗ್ ಪಟ್ಟಿ, ಎಲ್ಲದರ ಎರಡೂ ಬದಿಯ ಫೋಟೋ. ನಾವು ತೆಗೆದುಕೊಂಡದ್ದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುವ ಮನೆ ಪಾಲಿಸಿ ಇದು. ಒಡವೆ, ಬೆಳ್ಳಿ ಸಾಮಾನು, ಪೇಂಟಿಂಗ್, ಅಪರೂಪದ ವಸ್ತುಗಳಿಗೆ ಅದರಲ್ಲಿ ಬೇರೆ ರಕ್ಷಣೆ ಕೇಳಿ ಪಡೆಯಬೇಕು. ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದಿಡುತ್ತಾರೆ. ಒಟ್ಟು 5 ಲಕ್ಷ ರೂಪಾಯಿ ಒಳಗೆ, ಒಂದೊಂದು ವಸ್ತು 1 ಲಕ್ಷ ಮೀರದಿದ್ದರೆ, ವ್ಯಾಲ್ಯುವೇಶನ್ ಸರ್ಟಿಫಿಕೇಟ್ ಬೇಕಿಲ್ಲ. ನಮ್ಮದು ಅದರೊಳಗೇ ಇತ್ತು. ಕಾರ್ಡುಗಳನ್ನು ಪಾಲಿಸಿಯಲ್ಲಿ ಹೆಸರು ಹಿಡಿದು ಬರೆಸಿ, ಬರೀ "ಮನೆ ಸಾಮಾನು" ಅಂತ ಬಿಡಬೇಡಿ. ಕಳ್ಳತನದ್ದನ್ನೂ ಕೇಳಿಕೊಳ್ಳಿ. ಈ ಪಾಲಿಸಿಯಲ್ಲಿ ಬೆಂಕಿ, ಪ್ರವಾಹದಂಥ ಅನಾಹುತ ಆದ ಮೇಲೆ 7 ದಿನದೊಳಗೆ, ಅದರಿಂದಲೇ ಆದ ಕಳ್ಳತನಕ್ಕೆ ಮಾತ್ರ ಪರಿಹಾರ. ಬೀಗ ಮುರಿದು ಒಯ್ದರೆ ಬರಲ್ಲ. ಅದಕ್ಕೆ ಬರ್ಗ್ಲರಿ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು.