ಎಸ್‌ಕ್ಯೂಲೈಟ್ ಶೆಲ್: ಕಾಲಮ್ ಮೋಡ್‌ನಲ್ಲಿ ತುಂಡಾಗುವ ಹೆಸರುಗಳು

ಸಣ್ಣ ಡೇಟಾಬೇಸ್‌ಗಳನ್ನು ತೆರೆದು ನೋಡಲು ನಾನು ದಿನನಿತ್ಯ ಬಳಸುವುದು, ಒಂದೇ ಫೈಲಿನಲ್ಲಿ ಮಾಹಿತಿಯನ್ನಿಡುವ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಲೈಟ್‌ನ ಕಮಾಂಡ್‌ಲೈನ್ ಶೆಲ್, ಅಂದರೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಪ್ರೋಗ್ರಾಂ. ಸರ್ವರ್ ಬೇಕಿಲ್ಲ, ಹಣ ಕೊಡಬೇಕಿಲ್ಲ, ಕನ್ನಡ ಅಕ್ಷರಗಳನ್ನು ತಕರಾರಿಲ್ಲದೆ ಉಳಿಸಿಕೊಳ್ಳುತ್ತದೆ. ಆದರೆ ಇದರ ಹಳೆಯ ಆವೃತ್ತಿಗಳಲ್ಲಿ, ಉದಾಹರಣೆಗೆ ಉಬುಂಟು 20.04 ಎಂಬ ಲಿನಕ್ಸ್ ವ್ಯವಸ್ಥೆಯೊಂದಿಗೆ ಬಂದ 3.31ರಲ್ಲಿ, ಫಲಿತಾಂಶವನ್ನು ಕಂಬಸಾಲುಗಳಾಗಿ ಜೋಡಿಸುವ ಕಾಲಮ್ ಮೋಡ್ ತೋರಿಸುವುದನ್ನು ಹಾಗೆಯೇ ನಂಬಬಾರದು.

ಊರುಗಳ ಪಟ್ಟಿಯೊಂದರಲ್ಲಿ ಮೊದಲ ಸಾಲು ‘ಮೈಸೂರು’ ಆಗಿದ್ದರೆ, ಅದರ ಕೆಳಗಿನ ‘ಶ್ರೀರಂಗಪಟ್ಟಣ’ ಪರದೆಯ ಮೇಲೆ ‘ಶ್ರೀರಂಗಪಟ್’ ಎಂದಷ್ಟೇ ಕಾಣುತ್ತದೆ. ನಾವು ಅಗಲವನ್ನು ಹೇಳದಿದ್ದಾಗ ಶೆಲ್ ಕಾಲಮಿನ ಶೀರ್ಷಿಕೆ, ಮೊದಲ ಸಾಲಿನ ಮೌಲ್ಯ ಮತ್ತು 10 ಎಂಬ ಸಂಖ್ಯೆ, ಈ ಮೂರರಲ್ಲಿ ದೊಡ್ಡದನ್ನು ಅಗಲವೆಂದು ತೆಗೆದುಕೊಂಡು, ಮುಂದಿನ ಸಾಲುಗಳಲ್ಲಿ ಅದನ್ನು ಮೀರಿದ್ದೆಲ್ಲವನ್ನೂ ಕತ್ತರಿಸುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಎಣಿಸುವುದರಿಂದ, ನಮ್ಮ ಕಣ್ಣಿಗೆ ಆರೇ ಅಕ್ಷರದ ಶ್ರೀರಂಗಪಟ್ಟಣ ಅದರ ಲೆಕ್ಕದಲ್ಲಿ 12 ಆಗುತ್ತದೆ. ಅದೇ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಜೋಡಿಸಿ ಶ್ರೀರಂಗಪಟ್ಟಣವನ್ನೇ ಮೊದಲ ಸಾಲಿಗೆ ತಂದರೆ ಹೆಸರು ಪೂರ್ತಿಯಾಗಿ ಕಾಣುತ್ತದೆ. ಕತ್ತರಿಸಿದ ಕಡೆ ಮೂರು ಚುಕ್ಕಿಯನ್ನಾದರೂ ಇಟ್ಟಿದ್ದರೆ ಎಚ್ಚರವಾಗುತ್ತಿತ್ತು. ಅದೂ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ, ಏಕೆಂದರೆ ನೋಡಿದವರು ಮಾಹಿತಿಯೇ ಅರ್ಧ ದಾಖಲಾಗಿದೆ ಎಂದುಕೊಂಡು ಸರಿಯಿರುವುದನ್ನು ತಿದ್ದಲು ಹೊರಡುತ್ತಾರೆ.

ಫೈಲಿನೊಳಗಿನ ಮಾಹಿತಿಗೆ ಏನೂ ಆಗಿರುವುದಿಲ್ಲ. ಈ ಹಳೆಯ ಶೆಲ್ ತಾನಾಗಿ ತೆರೆದುಕೊಳ್ಳುವ, ಮೌಲ್ಯಗಳ ನಡುವೆ ಗೆರೆಯಿಟ್ಟು ತೋರಿಸುವ ಲಿಸ್ಟ್ ಮೋಡ್‌ಗೆ ಮರಳಿದರೆ, ಅಥವಾ ಉದ್ದನೆಯ ಟಿಪ್ಪಣಿಗಳಿದ್ದಾಗ ಒಂದೊಂದು ಮೌಲ್ಯವನ್ನೂ ಬೇರೆ ಸಾಲಿನಲ್ಲಿ ತೋರಿಸುವ ಲೈನ್ ಮೋಡ್ ಆರಿಸಿಕೊಂಡರೆ, ಯಾವುದೂ ತುಂಡಾಗುವುದಿಲ್ಲ. ಕಾಲಮ್‌ಗಳೇ ಬೇಕೆಂದರೆ, ಲೆಂಗ್ತ್ ಫಂಕ್ಷನ್‌ನಿಂದ ಅತಿ ಉದ್ದದ ಮೌಲ್ಯವನ್ನು ಅಳೆದು ಆ ಸಂಖ್ಯೆಯನ್ನು ಕಾಲಮಿನ ಅಗಲ ಹೇಳುವ ಡಾಟ್ ವಿಡ್ತ್ (.width) ಕಮಾಂಡ್‌ಗೆ ಕೊಡಬೇಕು. ಎರಡರ ಎಣಿಕೆಯೂ ಒಂದೇ ಆದ್ದರಿಂದ ಇದು ಕನ್ನಡಕ್ಕೂ ಸರಿಹೊಂದುತ್ತದೆ.

2020ರ ಆಗಸ್ಟಿನಲ್ಲಿ ಬಂದ 3.33 ಈ ತೊಂದರೆಯನ್ನು ಬುಡದಲ್ಲೇ ಸರಿಪಡಿಸಿತು: ಈಗ ಎಲ್ಲ ಸಾಲುಗಳನ್ನೂ ನೋಡಿದ ಮೇಲೆ ಅಗಲ ನಿರ್ಧಾರವಾಗುತ್ತದೆ. 2022ರ 3.38ರಲ್ಲಿ ವ್ರ್ಯಾಪ್ ಆಯ್ಕೆಯೂ ಸೇರಿದ್ದರಿಂದ ಉದ್ದದ ಪಠ್ಯವನ್ನು ಮುಂದಿನ ಸಾಲಿಗೆ ಮಡಚಬಹುದು. ಸುತ್ತ ಗೆರೆ ಎಳೆದು ಕೋಷ್ಟಕವಾಗಿ ತೋರಿಸುವ ಬಾಕ್ಸ್ ಮೋಡ್‌ನಲ್ಲಿ ಕನ್ನಡದ ಸಾಲುಗಳ ಬಲಗೆರೆ ಟರ್ಮಿನಲ್‌ಗೆ ತಕ್ಕಂತೆ ಅತ್ತಿತ್ತ ಸರಿಯುವುದುಂಟು. ನೋಡಲು ಚೆಂದವಿಲ್ಲದಿದ್ದರೂ ಅಕ್ಷರ ಕಳೆದುಹೋಗುವುದಿಲ್ಲವಾದ್ದರಿಂದ ನನಗೆ ಅದು ಒಪ್ಪಿಗೆ. ಹೊಸ ಆವೃತ್ತಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹಳೆಯ ಸರ್ವರ್‌ನಲ್ಲಿ ಕೆಲಸ ಮಾಡುವವರು ಮಾತ್ರ ಮೊದಲು ಆವೃತ್ತಿಯ ಸಂಖ್ಯೆಯನ್ನು ನೋಡಿ, ಅದು 3.33ಕ್ಕಿಂತ ಹಿಂದಿನದಾಗಿದ್ದರೆ ಲಿಸ್ಟ್ ಮೋಡ್‌ನಲ್ಲೇ ಉಳಿಯಲಿ.